ಬುತ್ತಿ ಇಳಿಸಿಕೊಳ್ಳುವ ಹಂಪವ್ವ

ಕೊಪ್ಪಳದ ಬಸ್ ನಿಲ್ದಾಣಕ್ಕೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಕ್ಯಾಂಟೀನಿನವರು ಅಂಗಳಕ್ಕೆ ನೀರು ಚಿಮುಕಿಸಿ ಒಲೆ ಹೊತ್ತಿಸುತ್ತಿದ್ದಾರೆ. ಕುಕನೂರಿನ ಮೊದಲ ಬಸ್ಸು ತಿರುವಿನಲ್ಲಿ ಕಂಡಕೂಡಲೇ, ಕಂಬಕ್ಕೆ ಒರಗಿ ಕೂತಿದ್ದ ಹಂಪವ್ವ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಜನ ಇಳಿಯುವ ಬಾಗಿಲ ಕಡೆ ಹೋಗದೆ ನೇರವಾಗಿ ಡ್ರೈವರನ ಬದಿಗೆ ಬಂದು ಕೈ ಚಾಚುತ್ತಾರೆ. ಬಾನೆಟ್ಟಿನ ಮೇಲೆ ಸಾಲಾಗಿ ಕೂತ ಬಟ್ಟೆಯ ಗಂಟುಗಳು ಒಂದೊಂದಾಗಿ ಕೆಳಗಿಳಿಯುತ್ತವೆ.

"ಹಂಪವ್ವಕ್ಕ, ನಾಳಿಯಿಂದ ಈ ಗಂಟಿಗೂ ಟಿಕೆಟ್ ಹರಿತೀನಿ ನೋಡು" ಎನ್ನುತ್ತಾರೆ ಕಂಡಕ್ಟರ್ ಸುಭಾಷ್.

"ಹರಿಯಪ್ಪ. ಟಿಕೆಟ್ ಕೊಟ್ಟ ಮ್ಯಾಲ ಸೀಟೂ ಕೊಡಬೇಕಾಗತೈತಿ. ನೀ ಎದ್ದು ನಿಂದರ್ತೀಯೇನು?"

ಡ್ರೈವರ್ ನಗುತ್ತಾನೆ. ಅಷ್ಟರಲ್ಲಿ ಹಂಪವ್ವ ಗಂಟುಗಳನ್ನು ಅಗಲ ಬುಟ್ಟಿಗೆ ಹೊಂದಿಸಿ, ಕುಷ್ಟಗಿ ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕಿಯಾಗಿರುತ್ತದೆ.

ಈ ಗಂಟುಗಳು ಬುತ್ತಿ. ಊರಿನಲ್ಲಿ ತಾಯಂದಿರು ನಸುಕಿನಲ್ಲೇ ರೊಟ್ಟಿ ಬಡಿದು, ಪಲ್ಯ ಚಟ್ನಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಮೊದಲ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಾರೆ. ಪೇಟೆಯಲ್ಲಿ ಓದುವ ಮಕ್ಕಳು ಬಂದು ಇಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಇದು ಹಿಂದಿನಿಂದ ಬಂದ ರೂಢಿ. ಆದರೆ ಆ ಹೊತ್ತಿಗೆ ಹೆಣ್ಣುಮಕ್ಕಳ ವಸತಿನಿಲಯದ ಗೇಟು ತೆರೆದಿರುವುದಿಲ್ಲ, ಬಸ್ಸುಗಳೂ ಕಾಯುವುದಿಲ್ಲ. ಹೀಗಾಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ನಿಲಯದಲ್ಲಿ ಕಸ ಗುಡಿಸಿ, ಪಾತ್ರೆ ತೊಳೆಯುವ ಹಂಪವ್ವ ಈ ಕೆಲಸವನ್ನು ತಾವೇ ಮೈಮೇಲೆ ಹಾಕಿಕೊಂಡಿದ್ದಾರೆ. ಮಾಡು ಎಂದು ಯಾರೂ ಹೇಳಿಲ್ಲ. ನನ್ನ ಮಗಳು ಶಾಂಭವಿ ಆ ನಿಲಯಕ್ಕೆ ಸೇರಿದ ವಾರದಿಂದ ನಾನು ಕುಕನೂರಿನಲ್ಲಿ ಕಟ್ಟಿದ ಗಂಟನ್ನೂ ಅವರೇ ಇಳಿಸಿಕೊಳ್ಳುತ್ತಾ ಬಂದಿದ್ದಾರೆ. ಅವರನ್ನು ಕಣ್ಣಾರೆ ಕಂಡು ಬರೆಯಬೇಕೆಂದು ಈ ದಿನ ಬುತ್ತಿಯ ಜೊತೆ ನಾನೂ ಬಸ್ಸು ಹತ್ತಿ ಬಂದಿದ್ದೇನೆ.

ನಿಲಯ ಇರುವುದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಾಡಿಗೆ ಕಟ್ಟಡದಲ್ಲಿ. ಕೆಳಗೆ ಜೆರಾಕ್ಸ್ ಅಂಗಡಿ, ಚೀಲದ ಅಂಗಡಿ. ಮೇಲೆ ಹುಡುಗಿಯರ ಕೋಣೆಗಳು. ಕಿಟಕಿ ತೆರೆದರೆ ಹಾರ್ನು, ಮುಚ್ಚಿದರೆ ಸೆಕೆ. ಆದರೂ ಹುಡುಗಿಯರಿಗೆ ಈ ಜಾಗ ಇಷ್ಟ. ಗ್ರಂಥಾಲಯ ಹತ್ತಿರ, ದರ್ಜಿ ಹತ್ತಿರ, ಊರ ಬಸ್ಸಂತೂ ಬಾಗಿಲಲ್ಲೇ. ಮೆಸ್ಸಿನಲ್ಲಿ ಅನ್ನ ಸಾರಿಗೆ ಕೊರತೆಯಿಲ್ಲ. ಗಂಗಾವತಿ ಕಡೆಯ ಹೆಚ್ಚಿನ ಹುಡುಗಿಯರು ಅದನ್ನೇ ಖುಷಿಯಿಂದ ಉಣ್ಣುತ್ತಾರೆ. ಕಾಲುವೆ ನೀರಿನ ಭತ್ತದ ಸೀಮೆಯವರು. ಕುಷ್ಟಗಿ, ಯಲಬುರ್ಗಾ ಕಡೆಯವರ ಮಾತೇ ಬೇರೆ. "ಅನ್ನ ಉಂಡ್ರ ಹೊಟ್ಟಿ ತುಂಬತೈತಿ, ಹಸಿವಿ ಹೋಗಾಂಗಿಲ್ಲ" ಎಂದು ಯಲಬುರ್ಗಾದ ದ್ರಾಕ್ಷಾಯಿಣಿ ಮೊದಲ ವಾರವೇ ತೀರ್ಪು ಕೊಟ್ಟಿದ್ದಳಂತೆ.

ಹಂಪವ್ವ ಬುತ್ತಿಗಳನ್ನು ಮೊದಲು ಗುರುತಿಸುತ್ತಿದ್ದುದು ಕಟ್ಟಿದ ಬಟ್ಟೆಯಿಂದ. ಕಳೆದ ವರ್ಷ ಇದೇ ಒಂದು ಎಡವಟ್ಟಿಗೆ ಕಾರಣವಾಯಿತು. ನಮ್ಮ ಭಾಗದ ಮಹಿಳಾ ಸಂಘಗಳಲ್ಲಿ ಸದಸ್ಯರೆಲ್ಲ ಒಂದೇ ಬಣ್ಣದ ಸೀರೆ ಕೊಳ್ಳುವುದು ವಾಡಿಕೆ. ಅದಕ್ಕೂ ಕೆಲವು ವರ್ಷ ಹಿಂದೆ ಎಲ್ಲ ಊರುಗಳಿಗೂ ಒಬ್ಬನೇ ವ್ಯಾಪಾರಿ ಹಸಿರು ಸೀರೆ ಮಾರಿದ್ದ. ಸೀರೆ ಹಳೆಯದಾದಂತೆ ಅದನ್ನು ಹರಿದು ಬುತ್ತಿ ಕಟ್ಟುವುದೂ ವಾಡಿಕೆಯೇ. ಒಂದು ಮುಂಜಾನೆ ಇಳಿದ ಗಂಟುಗಳಲ್ಲಿ ಹೆಚ್ಚಿನವು ಅದೇ ಹಸಿರು, ಅದೇ ಅಂಚು. ಅಂದು ದ್ರಾಕ್ಷಾಯಿಣಿಯ ಹುಟ್ಟಿದ ದಿನ. ಅವಳ ತಾಯಿ ಕಳಕಮ್ಮ ಕಳಿಸಿದ ಶೇಂಗಾ ಹೋಳಿಗೆ ನನ್ನ ಮಗಳ ಕೋಣೆಗೆ ಹೋಯಿತು. ನಾನು ಕಳಿಸಿದ ರೊಟ್ಟಿ, ಹೆಸರುಕಾಳಿನ ಪಲ್ಯ ದ್ರಾಕ್ಷಾಯಿಣಿಗೆ ಸಿಕ್ಕಿತು. ನನ್ನ ಮಗಳ ಕೋಣೆಯವರು ಹೋಳಿಗೆಯನ್ನು ಮಾತಾಡದೆ ಮುಗಿಸಿದರು. ದ್ರಾಕ್ಷಾಯಿಣಿ ಮಾತ್ರ, ಅವ್ವನಿಗೆ ಈ ದಿನ ನೆನಪೇ ಇಲ್ಲ ಎಂದುಕೊಂಡು ಗಂಟು ಬಿಚ್ಚಿದಂತೆಯೇ ಬಿಟ್ಟು ತರಗತಿಗೆ ಹೋದಳು.

"ಮಧ್ಯಾಹ್ನ ಕೋಣಿ ಗುಡಸಾಕ ಹೋದ್ರ ರೊಟ್ಟಿ ಹಂಗ ಕುಂತಾವ್ರಿ" ಎಂದು ಹಂಪವ್ವ ನೆನೆಯುತ್ತಾರೆ. "ಬುತ್ತಿ ಬಂದ ದಿನ ಉಳಿಸೋ ಹುಡುಗಿ ಅಲ್ಲ ಅದು. ಆವಾಗ ತಿಳೀತು, ನನ್ನ ಕೈ ತಪ್ಪೈತಿ ಅಂತ. ಕಾಲೇಜಿಗೇ ಹೋಗಿ ಹೊರಗ ಕರೆದು ಹೇಳಿದ್ನಿ, ಯವ್ವಾ, ನಿಮ್ಮವ್ವ ಮರ್ತಿಲ್ಲ, ಮರ್ತಾಕಿ ನಾನು."

ಮರುದಿನ ಹಂಪವ್ವ ಎಲ್ಲ ತಾಯಂದಿರಿಗೂ ಫೋನು ಮಾಡಿಸಿ, ಗಂಟಿನ ಮೇಲೆ ಏನಾದರೊಂದು ಗುರುತು ಕಟ್ಟಿ ಎಂದರು. ನಾನು ಕೆಂಪು ರಿಬ್ಬನ್ ಕಟ್ಟುತ್ತೇನೆ. ಕಿನ್ನಾಳದ ಸುರೇಖಾಳ ತಂದೆ ಗೊಂಬೆ ಮಾಡುವವರು. ಅವರು ಹೆಬ್ಬೆರಳಿನಷ್ಟು ಮರದ ಗಿಣಿಗೆ ಬಣ್ಣ ಹಚ್ಚಿ ಕಟ್ಟಿದ್ದಾರೆ. ಗಂಗಾವತಿಯ ಅಬೇದಾಬಿ ತಮ್ಮ ಮಗಳು ಶಾಹಜಾದಬಿಯ ಬುತ್ತಿಗೆ ಮದುವೆಯ ಜರಿಯ ಚೂರು ಕಟ್ಟುತ್ತಾರೆ. ಕಳಕಮ್ಮನವರು ಮುಂದಿನ ವಾರ ಮತ್ತೆ ಹೋಳಿಗೆ ಕಳಿಸಿದರು. ಈ ಸಲ ಎರಡು ಕೋಣೆಗೂ ಸಾಲುವಷ್ಟು.

ಗಂಟು ಕೊಡುವಾಗ ಹಂಪವ್ವ ಹುಡುಗಿಯರ ಮುಖ ನೋಡುತ್ತಾರೆ. ನಮಗೆ ಕಾಣದ್ದು ಅವರಿಗೆ ಕಾಣುತ್ತದೆ. ಹೋದ ಚಳಿಗಾಲ ಒಂದು ದಿನ ಫೋನು ಬಂತು: "ಅಕ್ಕಾರ, ಶಾಂಭವಿ ನಿನ್ನೆಯಿಂದ ನೆಟ್ಟಗ ಉಂಡಿಲ್ರಿ. ಮೈ ಬೆಚ್ಚಗೈತಿ. ಅಂಜಬ್ಯಾಡ್ರಿ, ದವಾಖಾನಿಗೆ ತೋರಿಸೀನಿ, ಗಂಜಿ ಕುಡದು ಮಲಗ್ಯಾಳ." ಅಂದು ನಾನು ಒಲೆಯ ಮುಂದೆ ಕೂತು ಅವರ ಹೆಸರಿನಲ್ಲಿ ಕೈ ಮುಗಿದೆ.

ಇಂಥ ಹಂಪವ್ವನ ನಿಲಯದ ಕೆಲಸ ಈ ತಿಂಗಳಿಗೆ ಮುಗಿಯುತ್ತಿದೆ. ಊರ ಹೊರಗೆ ನಿಲಯದ ಸ್ವಂತ ಕಟ್ಟಡ ಸಿದ್ಧವಾಗಿದೆ. ಗಾಳಿ ಬೆಳಕು ಚೆನ್ನಾಗಿದೆ, ಕೋಣೆಗಳು ದೊಡ್ಡವು. ಅಲ್ಲಿನ ಕೆಲಸಕ್ಕೆ ಹತ್ತಿರದ ಹಳ್ಳಿಯವರನ್ನೇ ತೆಗೆದುಕೊಂಡಿದ್ದಾರೆ. ಹಂಪವ್ವನಿಗೆ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿದೆ. ಗಂಡ ಹುಲಿಗೆಪ್ಪ ಎಪಿಎಂಸಿಯಲ್ಲಿ ಹಮಾಲಿ, ಮನೆ ನಡೆಯುತ್ತದೆ. ಆದರೆ ನಮ್ಮ ಊರುಗಳ ಬಸ್ಸು ಹೊಸ ಕಟ್ಟಡದ ಕಡೆ ಹಾಯುವುದಿಲ್ಲ. ಬುತ್ತಿಯ ಗತಿ ಏನು? ಎರಡು ವಾರದಿಂದ ತಾಯಂದಿರ ಫೋನಿನಲ್ಲಿ ಇದೇ ಮಾತು. ಶಾಂಭವಿ, ಸುರೇಖಾ, ದ್ರಾಕ್ಷಾಯಿಣಿ ಮೊದಲ ತಂಡದಲ್ಲಿ ನಿನ್ನೆಯೇ ಅಲ್ಲಿಗೆ ಹೋಗಿದ್ದಾರೆ. ಇಂದಿನ ಬುತ್ತಿಗಳು ಅವರನ್ನು ಮುಟ್ಟುತ್ತವೋ ಇಲ್ಲವೋ ಎಂಬುದು ಈಗ ಹಂಪವ್ವನ ಬುಟ್ಟಿಯಲ್ಲಿದೆ.

ಹೊತ್ತು ಏರಿದೆ. ಪ್ರಾಧ್ಯಾಪಕರನ್ನು ಹೊಸ ಕಟ್ಟಡದ ದಾರಿಯಲ್ಲೇ ಕರೆದೊಯ್ಯುವ ಕ್ಯಾಂಪಸ್ ಬಸ್ಸು ನಿಲ್ದಾಣದ ಹೊರಗೆ ಬಂದು ನಿಲ್ಲುತ್ತದೆ. ಹಂಪವ್ವ ಹೊಸ ಕಟ್ಟಡದವರ ಗಂಟುಗಳನ್ನು ಬೇರೆ ಮಾಡಿ ಡ್ರೈವರ್ ಪರಮೇಶನ ಪಕ್ಕ ಇಡುತ್ತಾರೆ.

"ಇದು ಬಸ್ಸೋ, ಬುತ್ತಿ ಗಾಡಿಯೋ?" ಪರಮೇಶ ಕೇಳುತ್ತಾನೆ.

"ಎರಡೂ ಅನ್ನು ತಮ್ಮಾ. ಪುಣ್ಯ ಹೆಚ್ಚಿಗಿ ಬರತೈತಿ."

"ಪುಣ್ಯ ಇರ್ಲಿ. ಗೇಟಿನ್ಯಾಗ ಯಾರೂ ಇಲ್ಲಂದ್ರ ನಾ ಕಾಯಾಂಗಿಲ್ಲ. ಸಂಜಿಗೆ ಹೊಳ್ಳಿ ತಂದು ನಿನಗ ಕೊಡ್ತೀನಿ."

ಹಂಪವ್ವನ ನಗು ನಿಲ್ಲುತ್ತದೆ. "ಹೊಳ್ಳಿ ಮಾತ್ರ ತರಬ್ಯಾಡಪ್ಪ. ವಾಚ್‌ಮನ್ ಇರ್ತಾನ, ಅವನ ಕೈಯಾಗ ಕೊಡು. ಅವನೂ ಇಲ್ಲಂದ್ರ ಗೇಟಿನ ಒಳಗ ಕಲ್ಲಿನ ಮ್ಯಾಲ ಇಡು. ಹೊಳ್ಳಿ ತರಬ್ಯಾಡ." ಬಸ್ಸು ಹೊರಟ ಮೇಲೂ ಅದು ಹೋದ ದಾರಿಯನ್ನೇ ನೋಡುತ್ತಾರೆ.

ಕ್ಯಾಂಟೀನಿನಲ್ಲಿ ಚಹಾ ತರಿಸುತ್ತೇನೆ. ಅವರ ಲೋಟದ ಚಹಾದ ಮೇಲೆ ಕೆನೆ ಕಟ್ಟುತ್ತದೆ, ಅವರು ಮುಟ್ಟುವುದಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಆಗಾಗ ತೆಗೆದು ನೋಡಿ, ಮತ್ತೆ ಇಡುತ್ತಾರೆ. ಕೊನೆಗೆ ಅದು ರಿಂಗಾಗುತ್ತದೆ. ಶಾಂಭವಿಯ ದನಿ ನನಗೂ ಕೇಳುತ್ತದೆ.

"ಹಂಪವ್ವಕ್ಕ, ಮುಟ್ಟ್ಯಾವ. ನಾವು ಗೇಟಿನ್ಯಾಗ ನಿಂತಿದ್ವಿ."

"ಎಲ್ಲಾವೂ?"

"ಎಲ್ಲಾವೂ. ಸುರೇಖಾ ಆಗಲೇ ಬಿಚ್ಚ್ಯಾಳ."

"ನಿಮ್ಮವ್ವ ಇಲ್ಲೇ ಅದಾರ. ಮಾತಾಡ್ತಿಯೇನು?"

"ಸಂಜಿಗೆ ಬರ್ತಾಳಲ್ಲ. ಪಲ್ಯ ಇನ್ನೂ ಬಿಸಿ ಐತಿ ಅಂತ ಹೇಳು."

ಹಂಪವ್ವ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ನಾಳೆಯಿಂದಲೂ ಹೀಗೇ ಮಾಡುತ್ತಾರಂತೆ; ಲಾಡ್ಜಿನ ಕೆಲಸ ಶುರುವಾಗುವುದು ಕ್ಯಾಂಪಸ್ ಬಸ್ಸು ಹೋದ ಮೇಲೆಯೇ. ಇಷ್ಟೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದಾಗ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ.

"ನಮ್ಮೂರು ಹುಲಿಹೈದರ್ರಿ. ಏಳನೇತ್ತ ಮುಗಿದ ಮ್ಯಾಲ ದೂರದ ಪ್ಯಾಟಿಯಾಗ ಸೋದರತ್ತಿ ಮನಿಯಾಗ ಇಟ್ಟು ಹೈಸ್ಕೂಲಿಗೆ ಹಚ್ಚಿದ್ರು. ಅವ್ವ ದಿನಾ ಬಸ್ಸಿಗೆ ಬುತ್ತಿ ಕೊಡಾಕಿ. ನಾ ಹೋಗಿ ಇಳಿಸ್ಕೊಂತಿದ್ನಿ. ಒಂದು ಸಲ ಜ್ವರ ಬಂದು ಮಲಗಿದ್ನಿ. ಅತ್ತಿ ಮನಿಯಾಗ ಯಾರೂ ಹೋಗಲಿಲ್ಲ. ಬುತ್ತಿ ಇಡೀ ದಿನ ಬಸ್ಸಿನ್ಯಾಗ ತಿರುಗಿ, ಸಂಜಿಗೆ ಕಟ್ಟಿದಂಗ ಅವ್ವನ ಕೈಗೇ ಬಂತು. ಮರುದಿನವೂ ಹಂಗ. ಅಪ್ಪ ಬಂದು, ಬುತ್ತಿ ಕೇಳೋರಿಲ್ಲದ ಊರಾಗ ಮಗಳನ್ನ ಹೆಂಗ ಬಿಡ್ಲಿ ಅಂತ ಕರಕೊಂಡು ಹೋದ. ಸಾಲಿ ಅಲ್ಲಿಗೇ ಮುಗೀತು. ಅಪ್ಪಂದೇನೂ ತಪ್ಪಿಲ್ರಿ. ಅವನ ಜಾಗದಾಗ ಯಾರಿದ್ರೂ ಹಂಗ ಮಾಡ್ತಿದ್ರು."

ಗಂಗಾವತಿಯ ಬಸ್ಸು ಒಳಗೆ ಬರುತ್ತದೆ. ಹಳೆಯ ಕಟ್ಟಡದಲ್ಲಿ ಇನ್ನೂ ಉಳಿದಿರುವ ಶಾಹಜಾದಬಿಯ ಗಂಟು ಅದರಲ್ಲಿದೆ. ಹಂಪವ್ವ ಬುಟ್ಟಿ ಎತ್ತಿಕೊಂಡು ಎದ್ದು ನಿಲ್ಲುತ್ತಾರೆ.

"ಈ ನಿಲ್ದಾಣದಾಗ ನಾ ನಿಂತಾಗಿಂದ ಒಂದು ಬುತ್ತಿನೂ ಹೊಳ್ಳಿ ಊರಿಗೆ ಹೋಗಿಲ್ರಿ ಅಕ್ಕಾರ" ಎಂದು ಹೇಳಿ ಬಸ್ಸಿನ ಕಡೆಗೆ ನಡೆಯುತ್ತಾರೆ.