ಒಳಗೆ ಹೋದ ಗುಂಡಿಗಳು

ಕುಷ್ಟಗಿಯ ಕಾರ್ ಎಲೆಕ್ಟ್ರಿಶಿಯನ್ ಅಲ್ಲಾಸಾಬ ಹೋದ ಗುರುವಾರ ನಸುಕಿನಲ್ಲಿ ತೀರಿಕೊಂಡರು. ಎದೆನೋವು. ಅರವತ್ಮೂರು ವಯಸ್ಸು.

ಸುದ್ದಿ ಕೇಳಿದಾಗ ಗೆಳೆಯ ಹುಚ್ಚೀರಪ್ಪ ಮಾಸ್ತರರಿಗೆ ಮೊದಲು ನೆನಪಾದದ್ದು ಟ್ರ್ಯಾಕ್ಟರ್.

ಮಾಸ್ತರರು ಮೂವತ್ತೆರಡು ವರ್ಷ ಕನ್ನಡ ಕಲಿಸಿದವರು. ಬಟನ್ ಎಂಬ ಮಾತನ್ನು ಬಾಯಿಯ ಹತ್ತಿರ ಸುಳಿಯಗೊಟ್ಟವರಲ್ಲ. ಅಂಗಿಯದಾಗಲಿ ಕಾರಿನದಾಗಲಿ, ಅದು ಗುಂಡಿಯೇ. ಅವರ ಕಾರಿಗೆ ಹತ್ತೊಂಬತ್ತು ವರ್ಷ. ಹೆಂಡತಿ ಮುದಕಮ್ಮನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಕೊಪ್ಪಳಕ್ಕೆ ಒಯ್ಯುವುದು ಅದರಲ್ಲೇ. ಅದೇ ವಾರದ ಸೋಮವಾರ ಮಧ್ಯಾಹ್ನ ವಾಪಸು ಬರುವಾಗ ಎ.ಸಿ. ಗುಂಡಿ ಒತ್ತಿದರೆ ಅದು ಒಳಗೇ ಉಳಿಯಿತು. ರೊಟ್ಟಿ ಒಲೆಯ ಮುಂದೆ ಕೂತಂಥ ಬಿಸಿಗಾಳಿ ಮುಖಕ್ಕೆ ಬಡಿಯಿತು. ಇನ್ನೊಂದು ಒತ್ತಿದರು, ಅದೂ ಮುಳುಗಿತು. ಮುದಕಮ್ಮ ಹಸಿ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು, ಗುರುವಾರ ತಾನು ಬರುವುದಿಲ್ಲ, ಸೂಜಿಯನ್ನಾದರೂ ತಡೆದೇನು, ಈ ಒಲೆಯನ್ನಲ್ಲ ಎಂದಳು. ಅವಳು ಒಲ್ಲೆ ಎಂದರೆ ಒಲ್ಲೆ. ಒಂದು ಸಲ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಮಾಸ್ತರರು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಫೋನ್ ಹಚ್ಚಿದರು.

"ಅಲ್ಲಾಸಾಬ, ಕಾರ್ ಗುಂಡಿ ಒಳಗ ಹೋಗೈತಿ. ಮ್ಯಾಲ ಬರವಲ್ದು."

ಅರ್ಧ ತಾಸಿನಲ್ಲಿ ಅಲ್ಲಾಸಾಬ ಬಂದರು. ಟ್ರ್ಯಾಕ್ಟರ್, ಎರಡು ಹಗ್ಗ, ನಾಲ್ಕು ಆಳು. ಸಪಾಟು ರಸ್ತೆಯ ಬದಿಗೆ ನೆಟ್ಟಗೆ ನಿಂತ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಅಡಿಯನ್ನೂ ನೋಡಿದರು.

"ಯಾವ ಗುಂಡಿಯೊಳಗ ಬಿದ್ದೈತ್ರಿ?"

ಮಾಸ್ತರರು ಎ.ಸಿ. ಗುಂಡಿಗಳತ್ತ ಬೆರಳು ಮಾಡಿದರು. ಆಳುಗಳು ನಗುವುದಕ್ಕೆ ಟ್ರ್ಯಾಕ್ಟರಿನ ಹಿಂದೆ ಹೋದರು.

"ಬಟನ್ ಅಂದಿದ್ರ ಬರೇ ಸ್ಕ್ರೂಡ್ರೈವರ್ ತರ್ತಿದ್ದೆ. ನಿಮ್ಮ ಕನ್ನಡಕ್ಕ ಟ್ರ್ಯಾಕ್ಟರ್ ಬೇಕಾತು, ಮಾಸ್ತರ."

ಒಲೆಯನ್ನು ಮರೆತು ಮುದಕಮ್ಮ ನಕ್ಕಳು. ಆದರೂ ಗುರುವಾರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬುಧವಾರ ಅಂಗಡಿಯಲ್ಲಿ ಅಲ್ಲಾಸಾಬ ಫ್ಯೂಜು ನೋಡಿದರು, ವೈರು ನೋಡಿದರು, ಎಲ್ಲವೂ ಛಲೋ ಇತ್ತು. ಕೊನೆಗೆ ಗುಂಡಿಗಳ ಪಟ್ಟಿಯನ್ನೇ ಬಿಚ್ಚಿದರು. ಒಳಗೆ ಹಸಿರು ಕಿಲುಬು, ಅದರ ಮೇಲೆ ಬೆಳ್ಳಗಿನ ಅಂಟು. ಮೂಸಿ ನೋಡಿದರು. ಸಿಟ್ಟು ನೆತ್ತಿಗೇರಿತು. ತೆಂಗಿನಕಾಯಿ ನೀರು ಸುರಿದು ಮೇಲೆ ವಿಭೂತಿ ಬಳಿದಿದ್ದಾನೆ, ಎಂಥ ಹುಂಬನೋ ಇವನು ಎಂದು ಬೈಯತೊಡಗಿದರು.

ಮಾಸ್ತರರು ಪೇಪರಿನಿಂದ ತಲೆ ಎತ್ತಲಿಲ್ಲ.

"ನೀವ. ಖಂಡೇಪೂಜಿ ದಿನ. ಇಲ್ಲೇ."

ನಿಜವೇ. ಮಹಾನವಮಿಗೆ ಅಂಗಡಿಯ ಗಾಡಿಗಳಿಗೆಲ್ಲ ಅಲ್ಲಾಸಾಬರೇ ನಿಂತು ಕಾಯಿ ಒಡೆಯುವುದು ವರ್ಷಗಳ ರೂಢಿ. ಬೇರೆಯವರ ಕಾರಿಗೆ ಹೊರಗಷ್ಟೇ. ಗೆಳೆಯನ ಕಾರೆಂದು ಒಳಗೂ ಚಿಮುಕಿಸಿ, ಒಂದೊಂದು ಗುಂಡಿಗೂ ಬೇರೆಯಾಗಿ ವಿಭೂತಿ ಹಚ್ಚಿದ್ದರು. ಈಗ ಅವರು ಪಟ್ಟಿಯನ್ನು ಇನ್ನೊಮ್ಮೆ ಮೂಸಿ ನೋಡಿದರು.

"ಕಾಯಿ ಎಳೀದಿತ್ರಿ," ಎಂದರು ಕೊನೆಗೆ. "ನೀರು ಭಾಳ ಇತ್ತು."

ಆಮೇಲೆ ಅವರು ಊಟಕ್ಕೂ ಏಳಲಿಲ್ಲ. ಸ್ಪಿರಿಟ್ಟಿನಲ್ಲಿ ಬ್ರಶ್ ಅದ್ದಿ ಕಿಲುಬು ತಿಕ್ಕಿದರು. ಸವೆದ ಎರಡು ಗುಂಡಿಗಳ ಅಡಿಗೆ ಹಳೆಯ ಟಿ.ವಿ. ರಿಮೋಟಿನ ಕರಿ ರಬ್ಬರು ಕತ್ತರಿಸಿ ಅಂಟಿಸಿದರು. ಗುಂಡಿಗಳು ಮೇಲೆ ಬಂದವು. ಗಾಳಿ ಮಾತ್ರ ಬಿಸಿಯೇ. ತಂಪು-ಬಿಸಿ ಬೆರೆಸುವ ಸಣ್ಣ ಮೋಟರು ತನ್ನ ಜಾಗ ಮರೆತಿದೆ ಎಂದು ಹೇಳಿ ಬ್ಯಾಟರಿಯ ವೈರು ಕಳಚಿ, ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಬಿಟ್ಟು ಮತ್ತೆ ಜೋಡಿಸಿದರು. ಒಳಗೆಲ್ಲೋ ಟಿಕ್ ಟಿಕ್ ಎಂದಿತು. ತಂಪು ಬಂತು.

ಸಂಜೆ ಮಾಸ್ತರರು ಕೀಲಿಗೆ ಕೈ ಚಾಚಿದರೆ ಅಲ್ಲಾಸಾಬ ಕೊಡಲಿಲ್ಲ. ಮುದಕಮ್ಮ ಕೂರುವ ಎಡಗಡೆ ಸೀಟಿನಲ್ಲಿ ತಾವೇ ಕೂತು ಬಾಗಿಲು ಹಾಕಿಕೊಂಡರು. ಎಂಟೂ ಗುಂಡಿಗಳನ್ನು ಒಂದೊಂದಾಗಿ ಒತ್ತಿದರು. ಆಮೇಲೆ ಗಾಜು ಇಳಿಸಿ ಕೇಳಿದರು:

"ಅಕ್ಕಾರಿಗೆ ಸೂಜಿ ಯಾವ ಕೈಗೆ ಚುಚ್ಚತಾರ್ರಿ?"

"ಎಡಗೈಗೆ."

ಗಾಜು ಏರಿಸಿ, ಅಲ್ಲಾಸಾಬ ತಮ್ಮ ಅಂಗಿಯ ಎಡತೋಳು ಮಡಚಿ ಕೈಯನ್ನು ಗಾಳಿಗೆ ಹಿಡಿದರು. ನೇರ ಬಡಿಯುತ್ತಿತ್ತು. ಗಾಳಿಕಿಂಡಿಯನ್ನು ಒಂದು ಬೆರಳಿನಿಂದ ಚೂರು ಮೇಲಕ್ಕೆ ತಿರುಗಿಸಿದರು.