ಬಂಗಲೆಯ ಕೊಳದ ಪಾಚಿ

ಅಣೆಕಟ್ಟಿನಲ್ಲಿ ನೀರು ನಿಂತ ವರ್ಷ, ಅದನ್ನು ಕಟ್ಟಿಸಿದ ಕಾರ್ಗಲ್ಲಿನ ದೊಡ್ಡ ಸಾಹೇಬರ ಬಂಗಲೆಯ ಈಜುಕೊಳದ ಪಾಚಿ ತೆಗೆಸುವ ಕೆಲಸ ನನ್ನ ಪಾಲಿಗೆ ಬಂತು. ಬ್ಲೀಚಿಂಗ್ ಪೌಡರ್ ಸುರಿದೆ, ಮೈಲುತುತ್ತ ಹಾಕಿದೆ, ನೀರು ಖಾಲಿ ಮಾಡಿಸಿ ಗೋಡೆ ಉಜ್ಜಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಹಸಿರು. ಇನ್ನೊಂದು ವಾರದಲ್ಲಿ ಸರಿಹೋಗದಿದ್ದರೆ ನೀನು ಬೇರೆ ಕೆಲಸ ನೋಡಿಕೋ ಎಂದರು ಸಾಹೇಬರು.

ಮತ್ತೆ ಉಜ್ಜಿಸುವಾಗ ಸೋತು ಮೆಟ್ಟಿಲ ಮೇಲೆ ಕೂತೆ. "ಇದು ಹೋಗೋದೇ ಇಲ್ವೇನೋ?" ಎಂದು ಕೂಲಿಯಾಳು ತಿಮ್ಮಪ್ಪನನ್ನು ಕೇಳಿದೆ.

"ನಿಂತ ನೀರಲ್ವಾ, ಬರ್ತದೆ," ಎಂದ ಅವನು ಉಜ್ಜುತ್ತಲೇ. "ನಮ್ಮ ಗದ್ದೆ, ಮನೆ ಮೇಲೂ ಈಗ ಅಣೆಕಟ್ಟಿನ ನೀರು ನಿಂತದೆ. ಅಲ್ಲಿ ಉಜ್ಜೋಕೆ ಯಾರನ್ನೂ ಕಳ್ಸಿಲ್ಲ."

ನಾನೂ ಇನ್ನೊಂದು ಬ್ರಷ್ ಹಿಡಿದು ಅವನ ಪಕ್ಕ ಇಳಿದೆ. ಪಾಚಿ ಹೋಗಲಿಲ್ಲ, ವಾರ ಕಳೆದ ಮೇಲೆ ಹೋದವನು ನಾನು.