ಸಮಿತಿಯ ಮುಂದೆ, ಸಮಿತಿಯ ಒಳಗೆ

ಮೆದುಳಿನ ಶಸ್ತ್ರವೈದ್ಯರಿಗೆ ಅವರದೇ ಒಂದು ಸಂಘವಿದೆ, ಆ ಸಂಘದೊಳಗೆ ಹಲವು ಸಮಿತಿಗಳಿವೆ ಎಂಬುದು ನನಗೆ ಗೊತ್ತಾದದ್ದೇ ಅವುಗಳಲ್ಲೊಂದು ನನ್ನನ್ನು ಕರೆಸಿದಾಗ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಖಾನಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯೆ. ಹೆರಿಗೆ, ಹಾವು ಕಡಿತ, ಜ್ವರ, ಮಕ್ಕಳ ವಾಂತಿಭೇದಿ, ಇವುಗಳಲ್ಲೇ ದಿನ ಕಳೆಯುತ್ತಿತ್ತು. ತಲೆಗೆ ದೊಡ್ಡ ಪೆಟ್ಟಾಗಿ ಬಂದವರನ್ನು ಬೆಳಗಾವಿಗೆ ಕಳಿಸಬೇಕು, ಮುಟ್ಟಬಾರದು. ನಮಗೆ ಕಲಿಸಿದ್ದು ಅಷ್ಟೇ.

ಆ ದಿನ ಗಡಿ ಗಲಾಟೆಗೆ ಬಂದ್ ಇತ್ತು. ಪೇಟೆಯೆಲ್ಲ ಮುಚ್ಚಿತ್ತು. ಆದರೂ ಒಂದು ಕಟ್ಟಿಗೆ ಅಡ್ಡೆಯಲ್ಲಿ ಮುಂಬಾಗಿಲು ಹಾಕಿಕೊಂಡು ಒಳಗೆ ಕೆಲಸ ನಡೆಸಿದ್ದರು. ಅಲ್ಲಿ ದಿಮ್ಮಿ ಎಳೆಯುವ ಸರಪಳಿ ಕಡಿದು, ಅದರ ಕೊಂಡಿ ಒಬ್ಬ ಕೆಲಸಗಾರನ ಬಲಗಿವಿಯ ಮುಂದೆ ಬಡಿದಿತ್ತು. ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದನಂತೆ. ಆಮೇಲೆ ತಾನೇ ಎದ್ದು, ಅಕ್ಕನ ಜೊತೆ ನಡೆದುಕೊಂಡೇ ಆಸ್ಪತ್ರೆಗೆ ಬಂದ.

"ಏನೂ ಆಗಿಲ್ರಿ ಬಾಯಾರ, ಎರಡು ಹೊಲಿಗಿ ಹಾಕಿ ಬಿಡ್ರಿ, ಮನೀಗ ಹೋಗ್ತೀನಿ" ಎಂದು ನಕ್ಕ.

ಹೊಲಿಗೆ ಹಾಕಿ, ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿರಲು ಹೇಳಿದೆ. ನಾನು ಒಬ್ಬ ಬಾಣಂತಿಯನ್ನು ನೋಡುತ್ತಿದ್ದಾಗ ಅವನ ಅಕ್ಕ ಬಾಗಿಲಿಗೆ ಬಂದಳು. "ಬಾಯಾರ, ನಮ್ಮ ತಮ್ಮ ಏನೇನೋ ಮಾತಾಡಾಕತ್ತಾನ್ರಿ. ಸತ್ತುಹೋದ ಅಬ್ಬಾನ್ನ ಕರಿಯಾಕತ್ತಾನ್ರಿ."

ಹೋಗಿ ನೋಡಿದರೆ ಅವನು ಬೆಂಚಿನ ಮೇಲೆ ವಾಲಿಕೊಂಡಿದ್ದ. ಟಾರ್ಚ್ ಬಿಟ್ಟು ನೋಡಿದೆ. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ದೊಡ್ಡದಾಗಿತ್ತು. ಬುರುಡೆಯ ಒಳಗೆ ರಕ್ತ ಸೋರಿ, ಹೆಪ್ಪುಗಟ್ಟಿ, ಮೆದುಳನ್ನು ಒತ್ತುತ್ತಿದೆ ಎಂದು ಅದರ ಅರ್ಥ. ಆ ರಕ್ತ ಹೊರಬರಲು ದಾರಿಯಾಗದಿದ್ದರೆ ಉಸಿರು ನಿಲ್ಲುತ್ತದೆ.

ದಾರಿ ಹೇಗಿದೆ ನೋಡಿ ಬಾ ಎಂದು ಜೀಪಿನ ಚಾಲಕನನ್ನು ಕಳಿಸಿದೆ. ಅವನು ಮುಂದಿನ ಗಾಜು ಒಡೆಸಿಕೊಂಡು ವಾಪಸ್ ಬಂದ. "ಟೈರ್ ಸುಡಾಕತ್ತಾರ್ರಿ. ಮರ ಕಡದು ಅಡ್ಡ ಕೆಡವ್ಯಾರ. ಪೇಷಂಟ್ ಅದಾರ ಅಂದ್ರೂ ಕೇಳವಲ್ರು. ರೈಲೂ ನಿಂತಾವಂತ."

ಬೆಳಗಾವಿಯ ಮೆದುಳಿನ ಶಸ್ತ್ರವೈದ್ಯರಿಗೆ ಫೋನ್ ಮಾಡಿದೆ. ನಾನು ಕಳಿಸಿದ ರೋಗಿಗಳನ್ನೆಲ್ಲ ನೋಡುತ್ತಿದ್ದವರು ಅವರೇ. ಪುಣ್ಯಕ್ಕೆ ಲೈನ್ ಸಿಕ್ಕಿತು.

"ನಾಡಿ ಹೆಂಗೈತಿ?" ಎಂದರು.

"ನಿಧಾನ ಆಗಾಕತ್ತೇತ್ರಿ ಸರ್. ಬಲಗಣ್ಣು ದೊಡ್ಡದಾಗೇತಿ. ಅಲ್ಲಿಗೆ ತರಾಕ ಹಾದಿ ಇಲ್ಲ. ಹೆಪ್ಪು ನಾನ ಇಲ್ಲೇ ತೆಗೀಲೇನ್ರಿ?"

ಅವರು ಏನೋ ಹೇಳಲು ಉಸಿರೆಳೆದುಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ಲೈನ್ ಸತ್ತಿತು. ಮತ್ತೆ ಮತ್ತೆ ಪ್ರಯತ್ನಿಸಿದರೂ ಹತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ಕಲಿಯುವಾಗ ಒಮ್ಮೆ ಈ ಶಸ್ತ್ರಕ್ರಿಯೆಯನ್ನು ಹಿಂದೆ ನಿಂತು ನೋಡಿದ್ದೆ. ನಮ್ಮಲ್ಲಿ ಮೂಳೆ ಮುರಿದವರಿಗೆಂದು ಇಟ್ಟಿದ್ದ, ಕೈಯಿಂದ ತಿರುಗಿಸುವ ಒಂದು ಡ್ರಿಲ್ ಇತ್ತು. ಅದನ್ನು ಕುದಿಸಲು ನರ್ಸಿಗೆ ಹೇಳಿ, ಅವನ ಅಕ್ಕನ ಹತ್ತಿರ ಹೋದೆ.

"ಅಕ್ಕಾ, ನಾ ಇದನ್ನ ಎಂದೂ ಮಾಡಿಲ್ಲ. ತಲಿಗೆ ತೂತು ಹಾಕಬೇಕು. ಹಾಕಿದ್ರೂ ಉಳೀತಾನ ಅಂತ ಹೇಳಾಕ ಆಗೂದಿಲ್ಲ."

"ಹಾಕದಿದ್ರ?"

"ಉಳಿಯೂದಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಾರ ಮಾಡ್ರಿ. ನಾ ಇಲ್ಲೇ ಬಾಗಿಲದಾಗ ಕುಂದರ್ತೀನಿ."

ಮೇಜಿನ ಮೇಲೆ ಮಲಗಿಸುವ ಹೊತ್ತಿಗೆ ಅವನಿಗೆ ಪೂರ್ತಿ ಎಚ್ಚರ ತಪ್ಪಿತ್ತು. ಚರ್ಮ ಸೀಳಿ, ಸ್ನಾಯು ಸರಿಸಿ, ಬಿಳಿ ಮೂಳೆ ಕಂಡಾಗ ನನ್ನ ಕೈ ನಿಂತುಬಿಟ್ಟಿತು. ಆ ಜಾಗದಲ್ಲಿ ಮೂಳೆ ತೆಳುವು. ಒತ್ತಿ ತಿರುಗಿಸದಿದ್ದರೆ ಡ್ರಿಲ್ ಕೊರೆಯುವುದಿಲ್ಲ. ಒತ್ತಡ ಹೆಚ್ಚಾದರೆ ಸೀದಾ ಮೆದುಳಿಗೇ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಂಗೈಯೇ ಹೇಳಬೇಕು. ನನ್ನ ಅಂಗೈಗೆ ಅದು ಗೊತ್ತಿರಲಿಲ್ಲ. ಒಂದು ಸುತ್ತು ತಿರುಗಿಸಿ ನೋಡುವುದು, ಮತ್ತೊಂದು ಸುತ್ತು, ಮತ್ತೆ ನೋಡುವುದು. ನರ್ಸು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಮೂಳೆ ಕೊರೆಯುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಒಮ್ಮೆ ಡ್ರಿಲ್ ತುಸು ಜಗ್ಗಿದಂತಾಯಿತು. ತೆಗೆದೆ. ತೂತಿನಿಂದ ಕಪ್ಪನೆಯ ಹೆಪ್ಪು ತಾನಾಗಿಯೇ ಉಬ್ಬಿ ಹೊರಗೆ ಬಂತು.

ಸ್ವಲ್ಪ ಹೊತ್ತಿನಲ್ಲಿ ನಾಡಿ ಚುರುಕಾಯಿತು. ಬಲಗಣ್ಣಿನ ಪಾಪೆ ಸಣ್ಣದಾಗತೊಡಗಿತು. ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ಕೂತಿದ್ದ ಅಕ್ಕ ಎದ್ದು ನಿಂತಳು. ಉಸಿರಾಡುತ್ತಿದ್ದಾನೆ ಎಂದು ತಲೆಯಾಡಿಸಿದೆ. ಅವಳು ನನ್ನ ರಕ್ತದ ಕೈಯನ್ನೇ ಹಿಡಿದುಕೊಂಡು ಅತ್ತಳು.

ಮಾರನೆಯ ದಿನ ದಾರಿ ತೆರೆದಾಗ ಅವನನ್ನು ಬೆಳಗಾವಿಗೆ ಕಳಿಸಿದೆವು. ಅಲ್ಲಿ ಉಳಿದ ಹೆಪ್ಪು ತೆಗೆದು, ರಕ್ತ ಸೋರುತ್ತಿದ್ದ ನಾಳ ಕಟ್ಟಿದರು. ಅವನು ಬದುಕಿದ. ಎಡಗೈ ಸ್ವಲ್ಪ ಸೋತಿತ್ತು. ಕಟ್ಟಿಗೆ ಅಡ್ಡೆ ಬಿಟ್ಟು ಚಹಾದ ಅಂಗಡಿ ಇಟ್ಟ.

ಕೆಲವು ವಾರಗಳ ನಂತರ ಆ ಶಸ್ತ್ರವೈದ್ಯರೇ ನನ್ನನ್ನು ಬೆಳಗಾವಿಗೆ ಕರೆಸಿಕೊಂಡರು. "ಬರ್ರಿ, ಕುಂದರ್ರಿ" ಎಂದವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನಮ್ಮ ಸಂಘದಾಗ ಯಾರೋ ತಕರಾರು ತೆಗದಾರ. ಮೆದುಳಿನ ಶಸ್ತ್ರಕ್ರಿಯಾ ಕಲೀದವರು ಬುರುಡಿ ತೆರದಾರ, ಇದನ್ನ ಹಂಗ ಬಿಟ್ರ ನಾಳೆ ಎಲ್ಲಾರೂ ತೆರೀತಾರ ಅಂತ. ಸಂಘದ ಶಿಸ್ತಿನ ಸಮಿತಿ ಮುಂದಿನ ತಿಂಗಳು ಇಲ್ಲೇ ಸೇರತೈತಿ. ನಿಮ್ಮನ್ನ ಕೇಳಬೇಕಂತ."

"ನಾ ನಿಮ್ಮ ಸಂಘದ ಸದಸ್ಯಳಲ್ಲಲ್ರೀ ಸರ್."

"ಅಲ್ಲ, ಖರೇ. ಆದ್ರ ನಿಮಗ ಪರವಾನಗಿ ಕೊಟ್ಟ ಮ್ಯಾಲಿನವರಿಗೆ ಅವರು ಒಂದು ಮಾತು ಹೇಳಿದ್ರ ಸಾಕು."

ಆ ತಿಂಗಳು ನಾನು ಹೇಗೆ ಕಳೆದೆನೋ. ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಬೆಳಗಾವಿಯಲ್ಲಿದ್ದ ಅವ್ವನಿಗೆ ಹೇಳಲಿಲ್ಲ. ಮನೆತನದಲ್ಲೇ ಮೊದಲು ಡಾಕ್ಟರಾದ ಹುಡುಗಿ ಎಂದು ಓಣಿಗೆಲ್ಲ ಹೇಳಿಕೊಂಡು ಬಂದವಳಿಗೆ ಏನೆಂದು ಹೇಳುವುದು? ವೈದ್ಯ ವೃತ್ತಿಯನ್ನೇ ಬಿಡಿಸಿದರೆ ಮುಂದೇನು ಎಂಬುದೊಂದೇ ಯೋಚನೆ.

ಸಮಿತಿ ಸೇರಿದ್ದು ಕ್ಯಾಂಪ್ ಕಡೆಯ ಒಂದು ಹೋಟೆಲಿನ ಕೋಣೆಯಲ್ಲಿ. ಉದ್ದನೆಯ ಮೇಜಿನ ಆಚೆ ಕೋಟು ಹಾಕಿದ ಹಿರಿಯರು. ನಡುವೆ ಮುಂಬೈಯಿಂದ ಬಂದಿದ್ದ ಅಧ್ಯಕ್ಷರು, ಬೆಳ್ಳಗಿನ ಹುಬ್ಬು, ನಗದ ಮುಖ. ಕೊನೆಯ ಕುರ್ಚಿಯಲ್ಲಿ ನಮ್ಮ ಬೆಳಗಾವಿಯವರು. ಮಾತೆಲ್ಲ ಇಂಗ್ಲಿಷಿನಲ್ಲಿ.

"ಹಿಂದೆ ಎಷ್ಟು ಬುರುಡೆ ತೆರೆದಿದ್ದೀರಿ?" ಅಧ್ಯಕ್ಷರು ಕೇಳಿದರು.

"ಒಂದೂ ಇಲ್ಲ."

"ಹೆಪ್ಪು ಆ ಜಾಗದಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?"

"ಗೊತ್ತಿಲ್ಲ."

"ಡ್ರಿಲ್ ಒಳಗೆ ಇಳಿದಿದ್ದರೆ?"

ನಾನು ನನ್ನ ಅಂಗೈ ನೋಡಿಕೊಂಡೆ. ಅಧ್ಯಕ್ಷರು ಮುಂದಕ್ಕೆ ಬಾಗಿದರು. "ನೀವು ನಮ್ಮ ಸದಸ್ಯರಿಗೆ ಫೋನ್ ಮಾಡಿದ್ದಿರಿ. ಮಾಡಿ ಎಂದು ಅವರು ಹೇಳಿದರೇ?"

ಹೌದು ಎಂದಿದ್ದರೆ ಭಾರ ನನ್ನ ಹೆಗಲಿನಿಂದ ಅವರ ಹೆಗಲಿಗೆ ದಾಟುತ್ತಿತ್ತು. "ಅವರು ಹೇಳುವ ಮೊದಲೇ ಲೈನ್ ಹೋಯಿತು" ಎಂದೆ.

ಆಗ ಬೆಳಗಾವಿಯವರು ಎದ್ದು ನಿಂತರು. "ನಾನು ಏನು ಹೇಳುವವನಿದ್ದೆ ಎಂಬುದನ್ನೂ ಕೇಳಿಬಿಡಿ. ಮುಟ್ಟಬೇಡಿ ಎನ್ನುವವನಿದ್ದೆ. ಬಾಯಿ ತೆರೆದಿದ್ದೆ. ಆ ಲೈನ್ ಇನ್ನೊಂದು ಕ್ಷಣ ಉಳಿದಿದ್ದರೆ ಇವರು ನನ್ನ ಮಾತು ಕೇಳುತ್ತಿದ್ದರು, ಆ ಮನುಷ್ಯ ಸಾಯುತ್ತಿದ್ದ."

ನನಗೆ ಸಮಾಧಾನವಾಗುವ ಬದಲು ಹೊಸ ಹೆದರಿಕೆ ಹುಟ್ಟಿತು. ಅಷ್ಟು ಬಲ್ಲವರ ಮಾತೇ ತಪ್ಪಾಗಬಹುದಿತ್ತು. ಏನೂ ಅರಿಯದ ನನ್ನ ಕೈ ಸುಮ್ಮನೆ ಸರಿಹೋಗಿತ್ತು. ಹಾಗಾದರೆ ಯಾವುದನ್ನು ನಂಬಬೇಕು?

ನನ್ನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು ಚರ್ಚಿಸಿದರು. ಒಳಗಿನಿಂದ ಏರಿದ ದನಿಗಳು ಕೇಳುತ್ತಿದ್ದವು. ಮತ್ತೆ ಕರೆದಾಗ ಅಧ್ಯಕ್ಷರು ಹೇಳಿದರು: "ನಿಮ್ಮ ಮೇಲೆ ನಾವು ಏನನ್ನೂ ಮುಂದುವರಿಸುವುದಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಸಮಿತಿ ಇದೆ. ತಾಲ್ಲೂಕಿನ ವೈದ್ಯರು ತಲೆಯ ಪೆಟ್ಟಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಸೂಚನೆ ಬರೆಯುವುದು ಅದರ ಕೆಲಸ. ಇಲ್ಲಿಯವರೆಗೆ ಒಂದು ಸಾಲೂ ಬರೆದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಏನಿರುತ್ತದೆ ಎಂಬುದೇ ಅಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಅದರಲ್ಲಿ ಕೂರಬೇಕು."

ಅಂದಿನಿಂದ ನಾನು ಮೇಜಿನ ಆಚೆ ಬದಿಗೆ ಹೋದೆ. ಆ ಸಮಿತಿ ಬೆಳಗಾವಿಯಲ್ಲೇ ಸೇರುತ್ತಿತ್ತು, ನಮ್ಮ ಬೆಳಗಾವಿಯ ಶಸ್ತ್ರವೈದ್ಯರೂ ಅದರಲ್ಲಿದ್ದರು. ಬೆಳಗಿನ ಬಸ್ಸಿಗೆ ಹೋಗಿ, ದಿನವಿಡೀ ಒಂದೊಂದು ವಾಕ್ಯಕ್ಕೆ ಜಗಳಾಡುತ್ತಿದ್ದೆವು. "ಸಾಗಿಸಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ" ಎಂದು ಬರೆಯಬೇಕೆಂದು ಒಬ್ಬರು. ಸಾಧ್ಯವಿಲ್ಲ ಎಂದು ತೀರ್ಮಾನಿಸುವವರು ಯಾರು ಎಂದು ಇನ್ನೊಬ್ಬರು. "ಕಣ್ಣಿನ ಪಾಪೆ ದೊಡ್ಡದಾದರೆ" ಎಂದು ಬರೆದರೆ, ಹುಟ್ಟಿನಿಂದಲೇ ಪಾಪೆ ಹೆಚ್ಚುಕಡಿಮೆ ಇರುವವರ ಗತಿಯೇನು? ಒಂದು ಪದ ಬಿಟ್ಟರೆ ಒಬ್ಬ ಸಾಯುತ್ತಾನೆ, ಸೇರಿಸಿದರೆ ಇನ್ನೊಬ್ಬ. ಮನೆಗೆ ಮರಳುವ ಬಸ್ಸಿನಲ್ಲಿ ಆ ವಾಕ್ಯಗಳು ತಲೆಯೊಳಗೆ ತಿರುಗುತ್ತಲೇ ಇರುತ್ತಿದ್ದವು.

ಕೊನೆಗೂ ಒಂದು ತೆಳುವಾದ ಪುಸ್ತಿಕೆ ಅಚ್ಚಾಯಿತು. ಜಿಲ್ಲೆಯ ಆಸ್ಪತ್ರೆಗಳಿಗೆಲ್ಲ ಹೋಯಿತು. ಎಲ್ಲರೂ ಕೈಕುಲುಕಿದರು. ನನಗೆ ಮಾತ್ರ ಒಂದೇ ಹೆದರಿಕೆ. ನಾನು ಹೆದರುತ್ತ ಮಾಡಿದ್ದನ್ನು ಯಾರೋ ಪುಸ್ತಿಕೆ ನೋಡಿಕೊಂಡು ಧೈರ್ಯವಾಗಿ ಮಾಡಿಬಿಟ್ಟರೆ?

ಹಾಗೆಯೇ ಆಯಿತು. ಮುಂದಿನ ವರ್ಷ ದೂರದ ತಾಲ್ಲೂಕಿನ ಒಬ್ಬ ಯುವ ವೈದ್ಯ, ಎತ್ತಿನ ಗಾಡಿಯಿಂದ ಬಿದ್ದ ರೈತನೊಬ್ಬನ ಬುರುಡೆಗೆ ತೂತು ಹಾಕಿದ. ಹಳ್ಳ ತುಂಬಿ ದಾರಿ ಇರಲಿಲ್ಲ, ಪಾಪೆ ದೊಡ್ಡದಾಗಿತ್ತು, ಎಲ್ಲ ನಾವು ಬರೆದಂತೆಯೇ. ಆದರೆ ಆ ಜಾಗದಲ್ಲಿ ಹೆಪ್ಪು ಇರಲಿಲ್ಲ. ಪೆಟ್ಟು ಮೆದುಳಿನ ಒಳಗೇ ಬಿದ್ದಿತ್ತು. ರೈತ ತೀರಿಕೊಂಡ. ಮನೆಯವರು ಆಸ್ಪತ್ರೆಗೆ ಕಲ್ಲು ತೂರಿದರು. ವೈದ್ಯ ಹಿಂಬಾಗಿಲಿನಿಂದ ಓಡಿ ಪಾರಾದ.

ಅವನನ್ನು ಸೂಚನೆ ಬರೆದ ನಮ್ಮ ಸಮಿತಿಗೇ ಕರೆಸಲಾಯಿತು. ಬಾಗಿಲು ತೆರೆದು ಒಳಗೆ ಬಂದವನು ಕುರ್ಚಿಯ ಅಂಚಿನಲ್ಲಿ ಕೂತ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಬೇರೆಯವರ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿದ. ನನ್ನ ಕಡೆ ತಿರುಗಿದಾಗ ಅವನ ಇಂಗ್ಲಿಷ್ ಬಿಟ್ಟುಹೋಯಿತು.

"ಮೇಡಂ, ನೀವು ಬರದಂಗ ಮಾಡೇನ್ರಿ. ಒಂದೂ ಬಿಟ್ಟಿಲ್ಲ. ಎಲ್ಲಿ ತಪ್ಪೇನಿ ಹೇಳ್ರಿ."

"ನೀವು ತಪ್ಪಿಲ್ರಿ ಡಾಕ್ಟ್ರ. ನೀವು ಮಾಡದಿದ್ರೂ ಅವರು ಉಳೀತಿರಲಿಲ್ಲ" ಎಂದೆ. ಅದು ನಿಜವೇ. ಆದರೆ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

ಅವನು ಹೊರಗೆ ಹೋದ ಮೇಲೆ ಪುಸ್ತಿಕೆಯನ್ನು ಹಿಂತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ಬಂತು. ಹತ್ತಿರಹತ್ತಿರ ಅರ್ಧ ಜನ ಹಿಂತೆಗೆಯಿರಿ ಎಂದರು. ನನಗೂ ಒಳಗೊಳಗೇ ಅದೇ ಬೇಕಿತ್ತು. ತೆಗೆದುಬಿಟ್ಟರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಬಾಯಿ ತೆರೆದಾಗ ಬೇರೆಯೇ ಬಂತು. ಉಳಿಸೋಣ, ಆದರೆ ಬದಲಿಸೋಣ ಎಂದೆ. ಹೆಪ್ಪು ಸಿಗದೆಯೂ ಹೋಗಬಹುದು ಎಂದು ಮೊದಲ ಪುಟದಲ್ಲೇ ಬರೆಯೋಣ. ಆ ಮಾತನ್ನು ಮೊದಲೇ ಮನೆಯವರಿಗೆ ಹೇಳಬೇಕು ಎಂದೂ ಬರೆಯೋಣ. ಮಾಡಿದವನನ್ನು ಈ ಸಮಿತಿ ಕೈಬಿಡುವುದಿಲ್ಲ ಎಂದು ಸಂಘದ ಹೆಸರಿನಲ್ಲೇ ಅಚ್ಚುಹಾಕಿಸೋಣ. ಬೆಳಗಾವಿಯವರು ಮೊದಲು ಕೈ ಎತ್ತಿದರು. ಒಂದೇ ಮತದಿಂದ ಅದು ಗೆದ್ದಿತು.

ಆ ಯುವ ವೈದ್ಯನನ್ನು ಬಸ್ ನಿಲ್ದಾಣದವರೆಗೆ ನಾನೇ ಕರೆದುಕೊಂಡು ಹೋದೆ. ಕ್ಯಾಂಟೀನಿನಲ್ಲಿ ಚಹಾ ತರಿಸಿ, ಖಾನಾಪುರದ ಆ ದಿನದ ಕಥೆ ಹೇಳಿದೆ, ಅವನು ಚಹಾ ಮುಟ್ಟಲಿಲ್ಲ.

"ನಿಮಗ ಅಂಜಿಕಿ ಹೋತೇನ್ರಿ ಮೇಡಂ?" ಎಂದು ಕೇಳಿದ.

"ಇಲ್ಲ. ದಿನಾ ಬರತೈತಿ."

"ಮತ್ತ ಹೆಂಗ ಕೆಲಸ ಮಾಡ್ತೀರಿ?"

"ಅಂಜಿಕೋಂತನ ಮಾಡ್ತೀನಿ."

ಅವನು ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದ. ಆಮೇಲೆ ಅಳತೊಡಗಿದ, ಸುತ್ತಲಿನ ಪ್ರಯಾಣಿಕರು ತಿರುಗಿ ನೋಡುವಷ್ಟು. ನಾನು ಪಕ್ಕದಲ್ಲೇ ಕೂತೆ. ಅವನ ಊರಿನ ಬಸ್ಸು ಬಂತು, ಹೋಯಿತು. ಇನ್ನೊಂದು ಬರಲಿ ಎಂದು ಕಾದೆವು. ಅದನ್ನು ಹತ್ತಿ ಹೋದವನು ಮರುದಿನ ಕೆಲಸಕ್ಕೆ ಹೋದನಂತೆ. ಕಲ್ಲು ಬಿದ್ದ ಅದೇ ಆಸ್ಪತ್ರೆಗೆ, ಮುಂಬಾಗಿಲಿನಿಂದಲೇ.